‘ಪರಿಶೀಲನೆಯಲ್ಲಿದೆ’: ಒಂದು ಹ್ಯಾಮ್ ಅರ್ಜಿಯ ಸಂದರ್ಶನ

ನಮ್ಮೂರು ಹತ್ತರಗಿಯ ಹುಡುಗಿಯೊಬ್ಬಳು ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್, ಪರೀಕ್ಷೆ ಪಾಸಾಗಿ ಊರಿಗೆಲ್ಲ ಕರದಂಟು ಹಂಚಿದಳು. ಆದರೆ ಲೈಸೆನ್ಸ್ ಜೊತೆ ಬರಬೇಕಾದ, ವಿಯು3 ಎಂದು ಶುರುವಾಗುವ ಅವಳ ಕರೆಸಂಕೇತ ಇನ್ನೂ ಬಂದಿಲ್ಲ. ಹಾಗಾಗಿ ಅವಳ ಅರ್ಜಿಯನ್ನೇ ಮಾತಾಡಿಸಿದೆ.

ಪ್ರಶ್ನೆ: ಅರ್ಜಿ ಸಾಹೇಬ್ರ, ಆರಾಮ ಅದೀರಿ?

ಅರ್ಜಿ: ಭಾಳ ಆರಾಮ ನೋಡ್ರಿ. ಏಳಂಗಿಲ್ಲ, ಹೋಗಂಗಿಲ್ಲ. ‘ಪರಿಶೀಲನೆಯಲ್ಲಿದೆ’ ಅಂತ ಬೋರ್ಡ್ ಹಾಕ್ಕೊಂಡು ಕುಂತೀನಿ.

ಪ್ರಶ್ನೆ: ತಡ ಯಾಕ ಆಗೈತಿ?

ಅರ್ಜಿ: ನನ್ನ ತಡ ಬಿಡ್ರಿ, ವಾಕಿಟಾಕಿ ಮಾತು ಕೇಳ್ರಿ. ಲೈಸೆನ್ಸ್ ಬೇಕಾದ ಸೆಟ್ಟು, ಆನ್‌ಲೈನ್‌ನ್ಯಾಗ ಒತ್ತಿದ್ರ ಮನಿಗೆ ಬರ್ತಿತ್ತು. ಮದಿವಿ ಮಂಟಪದಾಗ ‘ಸಾರು ಕಳಸ್ರಿ, ಓವರ್!’ 2025ರ ಮೇದಾಗ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗೋಳಿಗೆ ನೋಟಿಸ್ ಕೊಡೂತನಕ ಅದರ ದರ್ಬಾರೇ ದರ್ಬಾರು. ಓಮ್‌ನ ನಿಯಮ, ಆಂಟೆನಾ ಅಳತಿ, 1978ರ ನಿಯಮಾವಳಿ ಎಲ್ಲಾ ಓದಿ ಪಾಸಾದಾಕಿ ಬಾಯಿ ಮುಚ್ಚಿಕೊಂಡು ಕುಂತಾಳ.

ಪ್ರಶ್ನೆ: ಪೊಲೀಸ್ ಪರಿಶೀಲನೆ ಮುಗೀತೇನ್ರಿ?

ಅರ್ಜಿ: ಆ ವಾಕಿಟಾಕಿಗೆ ಯಾರ ಪರಿಶೀಲನೆ ಮಾಡಿದ್ರು, ಮೊದಲ ಅದನ್ನ ಹೇಳ್ರಿ.

ಪ್ರಶ್ನೆ: ಹೋಗ್ಲಿ, ಶುಲ್ಕರೆ ತುಂಬೀರಿ?

ಅರ್ಜಿ: ಇಪ್ಪತ್ತು ವರ್ಷಕ್ಕ 1000 ರೂಪಾಯಿ, ಆಜೀವಕ್ಕ 2000. ಆಕಿ ಆಜೀವ ಅಂತ ತುಂಬ್ಯಾಳ. ಆಜೀವ ಅಂದ್ರ ಎಂಬತ್ತು ವಯಸ್ಸಿನ ತನಕ. ಅಷ್ಟರೊಳಗ ಬಂದ್ರ ಸಾಕು.

ಪ್ರಶ್ನೆ: ಶುಲ್ಕ ಅಂದ ಕೂಡ್ಲೆ ನಮ್ಮೂರ ಟೋಲ್ ನೆನಪಾತು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಗಾಡಿ ಹತ್ತಿರ ಬಂದ್ರ ರೇಡಿಯೊ ತರಂಗ ಬಂದು ಟ್ಯಾಗ್ ಓದ್ತೈತಿ, ರೊಕ್ಕ ಕಟ್. ಆಗ ಟ್ಯಾಗ್ ಇಲ್ಲಂದ್ರ ಡಬಲ್ ಇತ್ತು. ಅದೂ ರೇಡಿಯೊನ ಅಲ್ಲೇನ್ರಿ? ಹತ್ತರಗಿ ಟೋಲ್‌ದಾಗ ಅದು…

ಅರ್ಜಿ: ಸಂದರ್ಶನ ನಂದೋ, ಟೋಲ್‌ದೋ?

ಪ್ರಶ್ನೆ: ನಿಮ್ದ, ನಿಮ್ದ. ಹ್ಯಾಮ್‌ಗಳಿಗೆ ಸರ್ಕಾರ ಏನೂ ಮಾಡಿಲ್ಲ ಅಂತೀರಿ?

ಅರ್ಜಿ: ಹಂಗ ಅನ್ನಾಕ ಬರಂಗಿಲ್ಲ. ಹ್ಯಾಮ್‌ಗಳಿಗಂತನ ಇಸ್ರೊ 2005ರ ಮೇ 5ಕ್ಕ ಹ್ಯಾಮ್‌ಸ್ಯಾಟ್ ಹಾರಿಸ್ತು. 42.5 ಕಿಲೊ ತೂಕದ್ದು, ನೂರು ನಿಮಿಷದೊಳಗ ಭೂಮಿ ಸುತ್ತಿ ಬರ್ತಿತ್ತು. ನನಗ ತೂಕನ ಇಲ್ಲ, ಆದ್ರೂ ಒಂದು ಟೇಬಲ್ ದಾಟಿಲ್ಲ.

ಪ್ರಶ್ನೆ: ಎಲ್ಲರ ಕಿಸೆದಾಗ ಮೊಬೈಲ್ ಐತಿ. ಈ ಹ್ಯಾಮ್ ಯಾಕ ಬೇಕ್ರಿ ಈಗ?

ಅರ್ಜಿ: 2019ರ ಆಗಸ್ಟ್ ಮರ್ತೀರಿ? ಘಟಪ್ರಭಾ ಉಕ್ಕಿ ಗೋಕಾಕದ ಓಣಿಗೋಳು ಮುಳುಗಿದ್ವು, ಲೋಳಸೂರ ಸೇತುವೆ ನೀರಿನ ಕೆಳಗ ಹೋಗಿತ್ತು. ಕರೆಂಟ್ ಹೋದ್ರ ಮೊಬೈಲ್ ಟವರಿನ ಬ್ಯಾಟರಿ ಎಷ್ಟು ತಾಸು ಉಸಿರು ಹಿಡೀತೈತಿ? ಹ್ಯಾಮ್ ಸೆಟ್ಟಿಗೆ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿ ಸಾಕು, ಎರಡು ಗಿಡದ ನಡುವ ತಂತಿ ಸಾಕು. ಏಳು ಮೆಗಾಹರ್ಟ್ಸ್‌ದಾಗ ಕರದ್ರ ಮಾತು ಆಕಾಶಕ್ಕ ಬಡದು ಬೆಂಗಳೂರಿಗೆ ಇಳೀತೈತಿ, ನಡುವ ಒಂದು ಟವರೂ ಬೇಕಿಲ್ಲ. 2004ರ ಡಿಸೆಂಬರ್‌ನ್ಯಾಗ ಹ್ಯಾಮ್ ಭಾರತಿ ಪ್ರಸಾದ್ ತಮ್ಮ ತಂಡದ ಜೋಡಿ ಪೋರ್ಟ್ ಬ್ಲೇರ್‌ನ್ಯಾಗ ಇದ್ರು. ಸುನಾಮಿ ಬಂತು, ಫೋನ್ ಸತ್ತುವು. ಬದುಕಿದವರ ಸುದ್ದಿ ಅವರ ಮನಿಗೆ ಮುಟ್ಟಿಸಿದ್ದು ಆ ಸೆಟ್ಟು. ಅವರ ಲೈಸೆನ್ಸ್ ಯಾರದೋ ಟೇಬಲ್ ಮ್ಯಾಲ ಬಿದ್ದಿದ್ರ?

ಕೇಳಬೇಕಾದ ಪ್ರಶ್ನೆ ನನ್ನ ಹತ್ತಿರ ಇರಲಿಲ್ಲ. ವೈರ್‌ಲೆಸ್ ಸೆಟ್ಟು ಯಾರ ಕೈಗೆ ಹೋಗುತ್ತದೆಂದು ಸರ್ಕಾರ ನೋಡಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ನೋಡಿ ಮುಗಿಸಲು ಒಂದು ದಿನಾಂಕ ಬೇಕು. ಜಾತಿ ಪ್ರಮಾಣಪತ್ರಕ್ಕೆ ಕರ್ನಾಟಕದಲ್ಲಿ ಸಕಾಲ ಕಾಯ್ದೆಯ ಗಡುವಿದೆ, ತಡವಾದರೆ ಅಧಿಕಾರಿ ಪರಿಹಾರ ತೆರಬೇಕು. ಮಳೆಗಾಲದಲ್ಲಿ ಜೀವ ಉಳಿಸಬಹುದಾದ ಕಾಗದಕ್ಕೆ ಅಂಥ ಗಡುವು ಯಾಕಿಲ್ಲ? ಕೊಡುವುದಿದ್ದರೆ ಯಾವಾಗ, ಕೊಡುವುದಿಲ್ಲ ಅಂದರೆ ಯಾಕೆ, ಒಂದು ಸಾಲು ಬರೆಯಲಿ. ಮೌನವನ್ನು ಉತ್ತರವೆಂದು ಒಪ್ಪಿಕೊಳ್ಳಲು ಇದು ದೇವರ ಗುಡಿಯಲ್ಲ.

ಪ್ರಶ್ನೆ: ಕಡೀಗೆ ಒಂದು ಮಾತು. ಆ ಟೋಲ್‌ದಾಗ…

ಅರ್ಜಿ: ಟೋಲ್‌ದಾಗ ನಿಮ್ಮ ಗಾಡಿ ನಿಂತ್ರ ಅವರಿಗೆ ಲುಕ್ಸಾನ, ಅದಕ್ಕ ಲಗೂನ ಬಿಡ್ತಾರ. ನಾ ನಿಂತ್ರ ನಿಲ್ಲಿಸಿದವರಿಗೆ ಒಂದು ಪೈಸೆ ಲುಕ್ಸಾನ ಇಲ್ಲ. ಇದನ್ನ ಮೊದಲ ಬರೀರಿ, ಟೋಲ್ ಆಮ್ಯಾಲ.