ಹಾಡ್ತಾ ಹಾಡ್ತಾ ರಾಗ

ನಮ್ಮ ರಾಯಚೂರಿನ ಮಂದಿ ಮಾತು ಶುರು ಮಾಡೋದೇ ಬಿಸಿಲಿನಿಂದ. 'ಆರಾಮ ಇದ್ದೀರೇನ್ರಿ?' ಅಂತ ಕೇಳಿ, ಉತ್ತರ ಬರೋದರೊಳಗೆ 'ಏನ್ ಬಿಸಿಲ್ರೀ ಯಪ್ಪಾ!' ಅಂತ ಸೇರಿಸ್ತೀವಿ. ಮೇ ತಿಂಗಳಲ್ಲಿ ಸರಿ ಬಿಡ್ರಿ, 40 ಡಿಗ್ರಿ ದಾಟಿರ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಿಂತು 'ಮುಂದಿನ ಬ್ಯಾಸಿಗಿ ಹೆಂಗೋ ಏನೋ' ಅಂದರೆ? ನಾಲಿಗೆಗೆ ಬಿದ್ದ ರೂಢಿ ತಲೆಗೂ ಬೀಳ್ತದೆ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅಂತ ಹಿರಿಯರು ಸುಮ್ಮನೆ ಅಂದಿದ್ದಲ್ಲ, ಅಲ್ವಾ?

ರೋಗದ ಮಾತು ಬಂತು ನೋಡ್ರಿ, ಮಾನ್ವಿಯ ಹರಿದಾಸರು ಜಗನ್ನಾಥದಾಸರ ಕಥೆ ನಿಮಗೂ ಗೊತ್ತಿರೋದೇ. ದಾಸರಾಗೋ ಮೊದಲು ಅವರು ಶ್ರೀನಿವಾಸಾಚಾರ್ಯರು, ಸಂಸ್ಕೃತದ ಘನ ಪಂಡಿತರು. ವಿಜಯದಾಸರು ಪ್ರಸಾದಕ್ಕೆ ಕರೆದರೆ, ಕನ್ನಡದಲ್ಲಿ ಪದ ಹಾಡೋರ ಪಂಕ್ತಿಗೆ ನಾನ್ಯಾಕೆ ಅಂತ ಹೊಟ್ಟೆನೋವಿನ ನೆಪ ಹೇಳಿದರಂತೆ. ನೆಪ ಹೇಳಿದ ನೋವೇ ನಿಜವಾಗಿ ಬಂದು ಅಮರಿಕೊಂಡಿತು. ಕೊನೆಗೆ ಉತ್ತನೂರಿನ ಗೋಪಾಲದಾಸರ ಹತ್ತಿರ ಹೋದಾಗ ಅವರು ಕೊಟ್ಟಿದ್ದು ಜೋಳದ ರೊಟ್ಟಿ ಅಂತ ಹೇಳ್ತಾರೆ. ಹೊಟ್ಟೆನೋವಿನವರಿಗೆ ಜೋಳದ ರೊಟ್ಟಿ! ಈ ರೊಟ್ಟಿಯ ಸಂಗತಿ ಎಷ್ಟು ಸಲ ಕೇಳಿದರೂ ನನಗೆ ಸಾಕಾಗೋದಿಲ್ಲ. ಅದರ ಮೇಲೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ 40 ವರ್ಷ ಇವರಿಗೆ ಧಾರೆ ಎರೆದರಂತೆ. ಅದೇ ಪಂಡಿತರು ಮುಂದೆ ಕನ್ನಡದಲ್ಲೇ 'ಹರಿಕಥಾಮೃತಸಾರ' ಬರೆದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನೋರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕೇನ್ರಿ?

ಮೆದುಳಿನ ಬಗ್ಗೆ ಓದಿದವರು ಹೇಳೋದೂ ಇದನ್ನೇ. ವಯಸ್ಸಾದ ಮೇಲೂ ಮೆದುಳು ಬದಲಾಗ್ತದೆ, ಪದೇ ಪದೇ ಮಾಡಿದ್ದಕ್ಕೆ ನರಗಳ ನಂಟು ಗಟ್ಟಿಯಾಗ್ತದೆ. ತೊಡಕೇನಂದರೆ, ಅದಕ್ಕೆ ಕೆಟ್ಟದ್ದೇ ಮೊದಲು ಕಾಣೋದು. ಅಡವಿಯಲ್ಲಿ ಬಾಳಿದ ಕಾಲದಲ್ಲಿ ಹೂವಿಗಿಂತ ಹಾವು ಬೇಗ ಕಂಡವನೇ ಉಳಿದ. ಹಾಗಾಗಿ ಒಳ್ಳೇದನ್ನು ನಾವೇ ಹುಡುಕಿ ತೋರಿಸಬೇಕು. ಅಮೆರಿಕದ ಎಮನ್ಸ್, ಮೆಕಲ್ಲಫ್ ಅನ್ನೋ ಇಬ್ಬರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವರಿಗೆ ವಾರವಾರವೂ ತಾವು ಋಣಿಯಾಗಿರೋ ಸಂಗತಿ ಬರೆಯಿರಿ ಅಂದರು, ಇನ್ನು ಕೆಲವರಿಗೆ ಕಿರಿಕಿರಿ ಬರೆಯಿರಿ ಅಂದರು. ಹತ್ತು ವಾರಕ್ಕೆ ಮೊದಲನೆಯವರೇ ಹೆಚ್ಚು ನೆಮ್ಮದಿಯಲ್ಲಿದ್ದರು.

ರೊಟ್ಟಿ ಬಡಿಯೋದು ಕಲಿತಂಗೇ ಒಳ್ಳೇದನ್ನು ಹುಡುಕೋ ಈ ರೂಢಿಯೂ. ಮೊದಮೊದಲು ಅಂಚು ಸೀಳ್ತದೆ, ಹಂಚಿಗೆ ಎತ್ತಿ ಹಾಕೋದರೊಳಗೆ ಹರೀತದೆ. ಬಡೀತಾ ಬಡೀತಾ ಕೈ ತಾನಾಗಿ ತಿರುಗ್ತದೆ, ಬಾಯಿ ಓಣಿ ಸುದ್ದಿ ಹೇಳ್ತಿರ್ತದೆ. ಎಷ್ಟು ದಿನಕ್ಕೆ ಅಂತೀರಾ? ಲಂಡನ್ನಿನಲ್ಲಿ 96 ಜನರನ್ನು ನೋಡಿ ಲೆಕ್ಕ ಹಾಕಿದಾಗ, ಹೊಸ ರೂಢಿ ಮೈಗೂಡೋಕೆ ಹೆಚ್ಚೂಕಡಿಮೆ 66 ದಿನ ಅಂತ ಬಂತು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕು. ನಡುವೆ ಒಂದು ದಿನ ತಪ್ಪಿದರೆ ಕೆಡೋದಿಲ್ಲ. ಈ ಕೊನೇ ಮಾತು ಎಷ್ಟು ಸಮಾಧಾನದ್ದು, ಅಲ್ವಾ?

ದೇವದುರ್ಗದಲ್ಲಿ ನಮ್ಮ ಅಜ್ಜಿಗೆ ಒಂದು ಪದ್ಧತಿ ಇತ್ತು. ರಾತ್ರಿ ಗಂಗಾಳದ ಮುಂದೆ ಕೂತ ಹುಡುಗರಿಗೆಲ್ಲ 'ಇವತ್ತೇನು ಚಲೋ ಆತು?' ಅಂತ ಕೇಳೋಳು. ಉತ್ತರ ಬಂದ ಮೇಲೇ ಶೇಂಗಾ ಹಿಂಡಿ ಮೇಲೆ ಎಣ್ಣೆ ಬೀಳೋದು. 'ಮಾಸ್ತರು ಬಂದಿದ್ದಿಲ್ಲ' ಅಂದರೂ ನಡೀತಿತ್ತು. 'ಆಡಿನ ಮರಿ ನನ್ನ ಅಂಗಿ ತುದಿ ತಿಂತು' ಅಂದರೂ ನಡೀತಿತ್ತು. ಉಪದೇಶ ಇಲ್ಲ, ಏನಿಲ್ಲ. ಆದರೆ ಮಧ್ಯಾಹ್ನದಿಂದಲೇ ನಾವು ರಾತ್ರಿ ಹೇಳೋದಕ್ಕೆ ಏನಾದರೂ ಸಿಗ್ತದೇನೋ ಅಂತ ಕಣ್ಣಾಡಿಸ್ತಿದ್ದೆವು. ಸಿಗೋದು ಆಮೇಲೆ, ಆ ಹುಡುಕಾಟದಲ್ಲೇ ತಲೆ ಪಳಗಿಬಿಡ್ತಿತ್ತು.

ಹಾಗಂತ ಎಲ್ಲಾದಕ್ಕೂ ಒಳ್ಳೇದು ಯೋಚಿಸು, ಸರಿ ಹೋಗ್ತದೆ ಅನ್ನೋದು ಬ್ಯಾಡ್ರಿ. ಕಾಲುವೆಯ ಕೊನೇ ಭಾಗಕ್ಕೆ ನೀರು ಬರದೆ ಬೆಳೆ ಒಣಗಿದಾಗ ಆ ರೈತನಿಗೆ ಬೇಕಾದ್ದು ನೀರು. ಅದಕ್ಕೆ ದನಿ ಎತ್ತಲೇಬೇಕು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರೋದಿಲ್ಲ, ಬದುಕೇ ಬ್ಯಾಡ ಅನ್ನಿಸ್ತದೆ ಅಂದರೆ ಅದು ಕಾಯಿಲೆ, ರೂಢಿಯಿಂದಷ್ಟೇ ಹೋಗೋದಲ್ಲ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ, ಕಾಸಿಲ್ಲದೆ ಮಾತಾಡ್ತಾರೆ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ಹಳ್ಳಿ ಆಸ್ಪತ್ರೆಗಳಲ್ಲಿ ಮನೋಚಿಕಿತ್ಸೆ ಕೊಡಿಸಿ ತೋರಿಸಿದ್ದು, ದೇಶಕ್ಕೇ ಮಾದರಿಯಾಯ್ತು. ಇದರಲ್ಲಿ ನಾಚಿಕೆ ಪಡೋದು ಏನಿದೆ ಹೇಳ್ರಿ?

ಉಳಿದವರು ಅಜ್ಜಿಯ ಆ ಪ್ರಶ್ನೆಯನ್ನು ಊಟದ ಹೊತ್ತಿಗೇ ಗಂಟು ಹಾಕ್ಕೊಂಡರೆ ಮರೆಯೋದಿಲ್ಲ. ಮನೆಯಲ್ಲಿ ಒಬ್ಬರೇ ಇದ್ದರೆ ತಂಗಿಗೋ ಗೆಳತಿಗೋ ಫೋನ್ ಹಚ್ಚಿ ಹೇಳ್ರಿ. ಕೇಳಿದವರಿಗೂ ತಮ್ಮದೊಂದು ನೆನಪಾಗ್ತದೆ. ಅದೂ ಬ್ಯಾಡ ಅಂದರೆ ನಮ್ಮಿಬ್ಬರ ಮನೆ ನಡುವಿನ ಈ ಬೇಲಿ ಇದ್ದೇ ಇದೆಯಲ್ಲ ಅಕ್ಕಾ, ನಾಳೆ ಇದೇ ಹೊತ್ತಿಗೆ ಬರ್ರಿ, ಮೊದಲು ನಿಮ್ಮದೇ ಕೇಳೋಣ.