ರಾಣಿ ಛಾಪು ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ಅನುಬಂಧ ಚತುಷ್ಟಯ ಹೇಳಬೇಕು. ಈ ಶಾಸ್ತ್ರದ ವಿಷಯ: ಕಂಪನಿ ಸರಕಾರ ಮತ್ತು ರಾಣಿ ಸರಕಾರದ ನಾಣ್ಯಗಳು. ಅಧಿಕಾರಿ: ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಅಜ್ಜಿಯ ಸಂದೂಕಿನ ಕೀಲಿ ಯಾರ ಕೈಗೆ ಸಿಕ್ಕಿದೆಯೋ ಅವರು. ಪ್ರಯೋಜನ: ಮೊಬೈಲಿಗೆ ಬಂದ ವಿಡಿಯೊದ ಪ್ರಕಾರ ಒಂದು ಕೋಟಿ, ಪೇಟೆಯ ಪತ್ತಾರರ ಪ್ರಕಾರ ಬೆಳ್ಳಿಯ ಇವತ್ತಿನ ಧಾರಣೆ. ಸಂಬಂಧ: ಈ ಎರಡು ಅಂಕಿಗಳಿಗೂ ಪರಸ್ಪರ ಸಂಬಂಧವಿಲ್ಲ. ಇನ್ನು ಶಾಸ್ತ್ರಾರಂಭ.

ಪ್ರಥಮ ಅಧಿಕರಣ: ಕಾಲನಿರ್ಣಯ

ಸೂತ್ರ: ನಾಣ್ಯದ ಮೇಲಿನ ಇಸವಿಯನ್ನು ನಂಬತಕ್ಕದ್ದಲ್ಲ.

ವೃತ್ತಿ: 1835ರಲ್ಲಿ ಕಂಪನಿಯು ತನ್ನ ಎಲ್ಲ ಸೀಮೆಗೂ ಒಂದೇ ತೂಕದ ರೂಪಾಯಿ ಹೊರಡಿಸಿತು. 180 ಗ್ರೇನ್, ಅಂದರೆ 11.66 ಗ್ರಾಂ ಭಾರ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಮುಖದ ಮೇಲೆ ನಾಲ್ಕನೆಯ ವಿಲಿಯಂ. ಆತ 1837ರಲ್ಲಿ ತೀರಿಕೊಂಡ. ರೂಪಾಯಿಯ ಮೇಲೆ ಮಾತ್ರ 1840ರವರೆಗೂ ಆರೋಗ್ಯವಾಗಿದ್ದ. ಆಮೇಲೆ ವಿಕ್ಟೋರಿಯಾ ಬಂದಳು, 1840 ಎಂಬ ಇಸವಿ ಹೊತ್ತು. ದಂಗೆ ನಡೆದು, ಕಂಪನಿ ಮುಳುಗಿ, 1862ರಲ್ಲಿ ಹೊಸ ಅಚ್ಚು ಬರುವತನಕ ಟಂಕಸಾಲೆಯಲ್ಲಿ ಅದೇ 1840 ನಡೆದಿತ್ತು. 1862 ಎಂಬ ಇಸವಿಯೂ 1874ರವರೆಗೆ ಜಾಗ ಬಿಟ್ಟು ಕದಲಲಿಲ್ಲ. ನಿಜವಾದ ವರ್ಷ ಯಾವುದೆಂದು ತಿಳಿಯಲು ಸಂಗ್ರಾಹಕರು ಭೂತಗನ್ನಡಿ ಹಿಡಿದು ಹಿಂಬದಿಯ ಚುಕ್ಕಿಗಳನ್ನು ಎಣಿಸುತ್ತಾರೆ. ಒಟ್ಟಿನಲ್ಲಿ 39 ವರ್ಷಗಳ ರಾಜ್ಯಭಾರ ಮೂರು ಇಸವಿಗಳಲ್ಲಿ ಮುಗಿಯಿತು. ಸರಕಾರಿ ಕಾಗದ ಕದಲದ ರೋಗ ಸ್ವಾತಂತ್ರ್ಯಾನಂತರ ಬಂದದ್ದು ಎಂಬ ವಾದ ಇಲ್ಲಿಗೆ ಬಿದ್ದುಹೋಯಿತು.

ದ್ವಿತೀಯ ಅಧಿಕರಣ: ನಾಲ್ಕು ದರ್ಶನಗಳು

ನಾಣ್ಯದ ಬೆಲೆ ಎಲ್ಲಿದೆ ಎಂಬ ಪ್ರಶ್ನೆಗೆ ಈ ನಾಲ್ಕು ತಾಲ್ಲೂಕುಗಳು ನಾಲ್ಕು ಬಗೆಯಲ್ಲಿ ಉತ್ತರಿಸಿವೆ.

ಇಂಡಿ ದರ್ಶನದ ಪ್ರಕಾರ ಬೆಲೆ ಇರುವುದು ಹೊಳಪಿನಲ್ಲಿ. ಲಿಂಬೆಗೆ ಜಿಐ ಮನ್ನಣೆ ಗಳಿಸಿದ ಸೀಮೆಯಿದು. ಸಾಧನ ಹಿತ್ತಲಲ್ಲೇ ಇದೆ. ದೀಪಾವಳಿಯ ಲಕ್ಷ್ಮೀಪೂಜೆಯ ಮುಂಜಾನೆ ಸಂದೂಕಿನಿಂದ ರಾಣಿ ಛಾಪಿನ ರೂಪಾಯಿ ಹೊರಬರುತ್ತದೆ. ಅರ್ಧ ಲಿಂಬೆಹಣ್ಣು, ಒಂದು ಚಿಟಿಕೆ ಒಲೆಯ ಬೂದಿ, ಮನೆಯ ಹಿರಿಯಳ ಹೆಬ್ಬೆರಳು. ಹುಳಿ ಬೆಳ್ಳಿಯೊಳಗಿನ ತಾಮ್ರವನ್ನು ಕಚ್ಚುತ್ತದೆ, ಬೂದಿ ಮೈಯನ್ನು ಗೀರುತ್ತದೆ. ನೂರು ವರ್ಷಗಳಲ್ಲಿ ಕಟ್ಟಿದ್ದ ಕಪ್ಪು ಪದರ ಹೋಗಿ ವಿಕ್ಟೋರಿಯಾಳ ಕೆನ್ನೆ ಫಳಫಳ ಮಿನುಗುತ್ತದೆ. ಆ ಕಪ್ಪಿಗೇ ರೊಕ್ಕ ಕೊಡುವ ಜನ ಮುಂಬಯಿ, ಬೆಂಗಳೂರುಗಳಲ್ಲಿದ್ದಾರೆ ಎಂದರೆ ಇಂಡಿಯ ಆಚಾರ್ಯರು ಕೇಳುತ್ತಾರೆ: "ಮಸಿ ಹಿಡದದ್ದು ದೇವರ ಮುಂದ ಹ್ಯಾಂಗ ಇಡೂದ್ರಿ?" ಈ ಪ್ರಶ್ನೆಗೆ ನಾಣ್ಯಶಾಸ್ತ್ರದಲ್ಲಿ ಉತ್ತರವಿಲ್ಲ.

ಸಿಂದಗಿ ದರ್ಶನದ ಪ್ರಕಾರ ಬೆಲೆ ಇರುವುದು ನಿಂತ ನೆಲದಲ್ಲಿ. ಅಂದಿನ ಮುಂಬಯಿ ಪ್ರಾಂತದ ಸಿಂದಗಿಯಿಂದ ಮೂಡಣಕ್ಕೆ ನಡೆದರೆ ನಿಜಾಮರ ಸೀಮೆ; ಅಲ್ಲಿ ಅವರದೇ ರೂಪಾಯಿ, ಹಾಲಿ ಸಿಕ್ಕಾ. ಇಂಗ್ರೇಜಿ ನೂರು ರೂಪಾಯಿಗೆ ಹಾಲಿ ಸಿಕ್ಕಾ 116 ರೂಪಾಯಿ, 10 ಆಣೆ, 8 ಪೈ. ಹದಿನಾರು ಆಣೆಗೆ ರೂಪಾಯಿ, ಹನ್ನೆರಡು ಪೈಗೆ ಆಣೆ ಎಂಬ ಲೆಕ್ಕದಲ್ಲಿ ಇದನ್ನು ಬಾಯಲ್ಲೇ ಬಿಡಿಸುತ್ತಿದ್ದ ಜವಳಿ ವ್ಯಾಪಾರಿಗಳ ಮುಂದೆ ಇಂದಿನ ಕ್ಯಾಲ್ಕುಲೇಟರ್ ತಲೆ ತಗ್ಗಿಸಬೇಕು. ಗಡಿ ದಾಟಿದ ಕೂಡಲೇ ಜೇಬು ದಪ್ಪವಾಗುತ್ತಿತ್ತು, ಮರಳಿದ ಕೂಡಲೇ ತೆಳ್ಳಗಾಗುತ್ತಿತ್ತು, ನಡುವೆ ವಟ್ಟ ಮುರಿಯುವವನು ಮಾತ್ರ ಒಂದೇ ಸಮನೆ ಬೆಳೆಯುತ್ತಿದ್ದ. ಸಿಂದಗಿಯವರು ವಿನಿಮಯ ಶಾಸ್ತ್ರವನ್ನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಮುದ್ದೇಬಿಹಾಳ ದರ್ಶನದ ಪ್ರಕಾರ ಬೆಲೆ ಇರುವುದು ಆಳದಲ್ಲಿ. 1565ರಲ್ಲಿ ವಿಜಯನಗರದ ಭವಿಷ್ಯ ತೀರ್ಮಾನವಾದ ಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ ಮೊನ್ನೆಮೊನ್ನೆಯವರೆಗೆ ಈ ತಾಲ್ಲೂಕಿನೊಳಗೇ ಇತ್ತು. ಹಾಗಾಗಿ ನೇಗಿಲ ಮೊನೆಗೆ ಏನು ತಗುಲಿದರೂ ಅದು ವಿಜಯನಗರದ ರಾಮರಾಯನ ಖಜಾನೆ. ಹಗೇವು ತೆಗೆಯುವಾಗ ಸಿಕ್ಕ ತೂತಿನ ಪೈಸೆಯೂ ರಾಮರಾಯನದೇ. ಎರಡನೆಯ ಮಹಾಯುದ್ಧದಲ್ಲಿ ತಾಮ್ರ ಉಳಿಸಲೆಂದು 1943ರಿಂದ ನಡುವೆ ತೂತು ಹೊಡೆದ ಕಂಚಿನ ಪೈಸೆಯದು ಎಂದು ವಿವರಿಸಿದರೆ, ಆ ತೂತು ರಾಮರಾಯನ ಕೊರಳಿಗೆ ಕಟ್ಟಲಿಕ್ಕೆ ಎಂಬ ಪ್ರತ್ಯುತ್ತರ ಸಿದ್ಧವಿದೆ. ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂಬ ಕಾಯ್ದೆಯನ್ನು ನೆನಪಿಸಿದ ಕ್ಷಣ ಖಜಾನೆ ಮತ್ತೆ ತೂತಿನ ಪೈಸೆಯಾಗುತ್ತದೆ. ಮಾಯಾವಾದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಶಂಕರರಿಗೂ ಸಿಕ್ಕಿರಲಿಕ್ಕಿಲ್ಲ.

ಬಸವನ ಬಾಗೇವಾಡಿ ದರ್ಶನದ ಪ್ರಕಾರ ಬೆಲೆ ಇರುವುದು ಸಲ್ಲುವುದರಲ್ಲಿ. ಬಿಜ್ಜಳನ ಭಂಡಾರಿಯಾದ ಬಸವಣ್ಣ ಹುಟ್ಟಿದ ಊರಿದು. ಲೋಕವನ್ನೇ ಕಮ್ಮಟವೆಂದು ಕಂಡವರಿಗೆ ಕೂಡಿಟ್ಟ ಕಾಸು ಕಾಸೇ ಅಲ್ಲ. ದಾಸೋಹಕ್ಕೆ ಹೋದದ್ದು ನಾಣ್ಯ, ಪೆಟ್ಟಿಗೆಯಲ್ಲಿ ಉಳಿದದ್ದು ಲೋಹ. ತರ್ಕ ಅಭೇದ್ಯವಾದದ್ದು. ಆದರೆ ಈ ಸಂಪ್ರದಾಯದ ಪಂಡಿತರ ಬಳಿ ತೋರಿಸಲು ಒಂದು ನಾಣ್ಯವೂ ಇಲ್ಲದಿರುವುದರಿಂದ ಸಂಗ್ರಾಹಕರ ಸಮ್ಮೇಳನಗಳಿಗೆ ಅವರನ್ನು ಯಾರೂ ಕರೆಯುವುದಿಲ್ಲ.

ತೃತೀಯ ಅಧಿಕರಣ: ಪ್ರಮಾಣ ವಿಚಾರ

ಖರೆ ಯಾವುದು, ಖೊಟ್ಟಿ ಯಾವುದು? ಪ್ರಮಾಣಗಳು ಹೀಗೆ.

ಪ್ರತ್ಯಕ್ಷ: ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಕಾಣುತ್ತದೆ, ಮೈಮೇಲೆ ಸಣ್ಣ ಗುಳಿಗಳಿರುತ್ತವೆ, ಅಕ್ಷರಗಳ ಮೂಲೆ ಸವೆದ ಸಾಬೂನಿನಂತೆ ಮೊಂಡಾಗಿರುತ್ತದೆ. 1939ರ ರೂಪಾಯಿ ಬಲು ಅಪರೂಪ. ಆದ್ದರಿಂದ 1938ರ ಕೊನೆಯ 8ನ್ನು ಕೆರೆದು 9 ಮಾಡುವ ಶಿಲ್ಪಿಗಳಿದ್ದಾರೆ. ಭೂತಗನ್ನಡಿಯಲ್ಲಿ ಆ ಒಂದು ಅಂಕಿಯ ಸುತ್ತಲಿನ ನೆಲವನ್ನಷ್ಟೇ ನೋಡಿ. ಉಳಿದ ಕಡೆ ಸಮವಾಗಿರುವ ಬೆಳ್ಳಿ ಅಲ್ಲಿ ಮಾತ್ರ ತಗ್ಗಿರುತ್ತದೆ.

ಶಬ್ದ: ಕಡಪಾ ಕಲ್ಲಿನ ಮೇಲೆ ಬಿಟ್ಟರೆ ಬೆಳ್ಳಿ ಖಣ್ಣೆಂದು ದನಿಯೆಳೆಯುತ್ತದೆ, ಸೀಸ ಬೆರೆತದ್ದು ಟಪ್ಪೆಂದು ಸುಮ್ಮನಾಗುತ್ತದೆ. ಅಪವಾದ: ಕೊಕ್ಕೆ ಬೆಸೆದ ನಾಣ್ಯ ಖರೆಯಾಗಿದ್ದರೂ ಮೂಕ.

ಅನುಮಾನ: ಇದೇ ಸರ್ವಶ್ರೇಷ್ಠ. ಪತ್ತಾರರ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ರೂಪಾಯಿಗೆ ತೆಳು ದಾರ ಕಟ್ಟಿ, ತಳ ಮುಟ್ಟದಂತೆ ನೀರಲ್ಲಿ ಇಳಿಬಿಡಿ. ಸವೆಯದ ಖರೆ ರೂಪಾಯಿಯಾದರೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸಬೇಕು. ಹಿತ್ತಾಳೆಗೆ ಬೆಳ್ಳಿ ನೀರು ಕುಡಿಸಿ ಅಷ್ಟೇ ತೂಕಕ್ಕೆ ತಂದಿದ್ದರೆ ಗಾತ್ರ ಉಬ್ಬಿರುತ್ತದೆ, ಅಂಕಿ ಏರುತ್ತದೆ. ಆರ್ಕಿಮಿಡೀಸ್ ಇದನ್ನು ಕಂಡು ಬೀದಿಗೆ ಓಡಿದ. ಪತ್ತಾರರು ಗಿರಾಕಿಯ ಮುಖ ನೋಡಿ, ಅಂಗಡಿಯಲ್ಲೇ ಕೂತಿರುತ್ತಾರೆ.

ಆಕರ್ಷಣ: ಅಯಸ್ಕಾಂತಕ್ಕೆ ಅಂಟಿದರೆ ಖೊಟ್ಟಿ ಎಂಬುದು ಲೋಕರೂಢಿ. ಬೆಳ್ಳಿಗೆ ಇದು ಸರಿ. ಆದರೆ 1947ರ ಹುಲಿ ಛಾಪಿನ ರೂಪಾಯಿ ಪೂರಾ ನಿಕಲ್. ಅದು ಅಂಟಿದರೇ ಖರೆ. ಬ್ರಿಟಿಷರು ಹೋಗುವ ವರ್ಷ ಬೆಳ್ಳಿ ಬಿಟ್ಟುಹೋಗಲಿಲ್ಲ, ಅಯಸ್ಕಾಂತದ ಶಾಸ್ತ್ರವನ್ನೂ ಕೆಡಿಸಿ ಹೋದರು.

ತಂಡುಲಾಕರ್ಷಣ: ರಾಮದರ್ಬಾರ್ ಇರುವ, 1818 ಎಂದು ಬರೆದ, ಅಕ್ಕಿಯನ್ನು ತನ್ನತ್ತ ಎಳೆಯುವ ಕಂಪನಿ ನಾಣ್ಯ ಎಂಬುದೊಂದು ಕರ್ನಾಟಕದಾದ್ಯಂತ ಸಂಚರಿಸುತ್ತದೆ. ಕಂಪನಿ ಅಂಥ ನಾಣ್ಯ ಹೊರಡಿಸಲಿಲ್ಲ. ದೇವರ ಚಿತ್ರದ ಟಂಕಗಳು ಭಕ್ತರಿಗಾಗಿ ಮಾಡಿದ ಮುದ್ರಿಕೆಗಳು, ಕೆಲವು ನಿನ್ನೆ ಮೊನ್ನೆ ಮಾಡಿದವು. ಅಕ್ಕಿ ಓಡಿ ಬರುವುದು ಅದಕ್ಕೆ ಮೊದಲೇ ಸವರಿದ ಕಬ್ಬಿಣದ ಪುಡಿಯಿಂದ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಪರೀಕ್ಷೆ ಇನ್ನೂ ಸುಲಭ: ಮಾರುವವನ ಮುಂದೆ ಒಂದು ಹಿಡಿ ಬಿಳಿಜೋಳ ಚೆಲ್ಲಿ. ಅಕ್ಕಿಯನ್ನಷ್ಟೇ ಗುರುತಿಸಿ ಜೋಳವನ್ನು ಕಡೆಗಣಿಸುವ ದೈವೀ ಶಕ್ತಿ ವಿಜಯಪುರ ಜಿಲ್ಲೆಗೆ ಬೇಕಾಗಿಲ್ಲ.

ಚತುರ್ಥ ಅಧಿಕರಣ: ದೋಷ ಪ್ರಕರಣ

ಸೂತ್ರ: ಟಂಕಸಾಲೆಯ ತಪ್ಪು ಗುಣ, ಬಳಸಿದವರ ಗುಣ ತಪ್ಪು.

ವೃತ್ತಿ: 1911ರ ರೂಪಾಯಿಯಲ್ಲಿ ಐದನೆಯ ಜಾರ್ಜನ ಎದೆಯ ಮೇಲೆ ಆನೆ ಕೆತ್ತಬೇಕಿತ್ತು. ಸೊಂಡಿಲು ಗಿಡ್ಡವಾಗಿ, ಜನರ ಕಣ್ಣಿಗೆ ಅದು ಹಂದಿಯಾಯಿತು. ಗುಲ್ಲೆದ್ದಿತು. 94 ಲಕ್ಷದಷ್ಟು ಟಂಕಿಸಿ ಸುಮಾರು 7 ಲಕ್ಷವನ್ನಷ್ಟೇ ಚಲಾವಣೆಗೆ ಬಿಟ್ಟಿದ್ದ ಸರಕಾರ ಉಳಿದದ್ದನ್ನು ಕುಲುಮೆಗೆ ಹಾಕಿ, 1912ರಲ್ಲಿ ಆನೆಗೆ ಸೊಂಡಿಲು ಬೆಳೆಸಿತು. ಇಂದು ಸೊಂಡಿಲಿರುವ ಆನೆಗಿಂತ ಇಲ್ಲದ ಆನೆಗೇ ಬೆಲೆ ಹೆಚ್ಚು. ಹಾಗೆಯೇ ಅಚ್ಚು ಪಕ್ಕಕ್ಕೆ ಸರಿದು ರಾಣಿಯ ಅರ್ಧ ಮುಖ ಮಾತ್ರ ಬಂದದ್ದಕ್ಕೂ, ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು ಹಿಂಬದಿಯಲ್ಲಿ ಅದೇ ಮುಖ ತಿರುಗುಮುರುಗಾಗಿ ತಗ್ಗಿ ಮೂಡಿದ್ದಕ್ಕೂ ಹರಾಜಿನಲ್ಲಿ ಪೈಪೋಟಿ. ಟಂಕಸಾಲೆಯಲ್ಲಿ ಯಾರೋ ತೂಕಡಿಸಿದ್ದಕ್ಕೆ ಈ ಗೌರವ.

ಈಗ ಬಳಸಿದವರ ಸಂಗತಿ. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕೊರಳಲ್ಲಿ ರೂಪಾಯಿಗಳ ಹಾರ ಇರುತ್ತಿತ್ತು. ಒಂದೊಂದು ರೂಪಾಯಿಗೂ ಮೇಲೊಂದು ಬೆಳ್ಳಿ ಕೊಕ್ಕೆ. ಕೊಕ್ಕೆ ಕಿತ್ತರೂ ಬೆಸುಗೆಯ ಗಂಟು ಉಳಿಯುತ್ತದೆ, ರಾಣಿಯ ನೆತ್ತಿಯ ಮೇಲೆ. ಇಂಥದಕ್ಕೆ ಸಂಗ್ರಾಹಕರು ಕೊಡುವ ದರ್ಜೆ: ಕೆಟ್ಟದ್ದು. ಬೆಲೆ: ಬೆಳ್ಳಿಯ ತೂಕದಷ್ಟು.

ಪೂರ್ವಪಕ್ಷ: ಇದರಲ್ಲಿ ಅನ್ಯಾಯವೇನು? ಯಾರೂ ಮುಟ್ಟದ ನಾಣ್ಯವೇ ಉತ್ತಮ.

ಸಿದ್ಧಾಂತ: 1877ರ ರೂಪಾಯಿಯನ್ನು ಪರೀಕ್ಷಿಸೋಣ. ಆ ವರ್ಷದ ಜನವರಿ 1ರಂದು ದಿಲ್ಲಿಯಲ್ಲಿ ದರ್ಬಾರು ನಡೆದು ವಿಕ್ಟೋರಿಯಾ ಚಕ್ರವರ್ತಿನಿಯಾದಳು. ರೂಪಾಯಿಯ ಮೇಲೆ ಕ್ವೀನ್ ಹೋಗಿ ಎಂಪ್ರೆಸ್ ಬಂತು. ಅದೇ ವರ್ಷ ಈ ನಾಲ್ಕೂ ತಾಲ್ಲೂಕುಗಳಿದ್ದ ಕಲಾದಗಿ ಜಿಲ್ಲೆ ಬರದಲ್ಲಿ ಬೇಯುತ್ತಿತ್ತು. 1872ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನ ಐದರಲ್ಲಿ ಒಂದು ಪಾಲಿಗೂ ಮಿಕ್ಕಿ ಕಡಿಮೆಯಾದರು. ಜೋಳಕ್ಕಾಗಿ ಮಾರಿದ ಒಡವೆ ಬೆಳ್ಳಿ ಮುಂಬಯಿ ಟಂಕಸಾಲೆಗೆ ಹೋಗಿ ಹೊಸ ರೂಪಾಯಿಯಾಯಿತು, ಹೊಸ ಬಿರುದಿನೊಡನೆ. ಮಳೆಯಾದ ವರ್ಷ ಕೊರಳಿಗೆ ಏರುವುದು, ಮಳೆ ಕೈಕೊಟ್ಟ ವರ್ಷ ಕೊರಳಿಂದ ಇಳಿಯುವುದು: ಈ ಸೀಮೆಯಲ್ಲಿ ಬ್ಯಾಂಕ್ ಎಂದರೆ ಇದೇ ಆಗಿತ್ತು. ಹಾಗಿದ್ದಲ್ಲಿ ಕೊಕ್ಕೆಯ ಗಾಯವಿಲ್ಲದ 1877ರ ರೂಪಾಯಿ ಯಾರ ಹಸಿವಿಗೂ ಒದಗದೆ ಎಲ್ಲೋ ತೆಪ್ಪಗೆ ಕೂತಿದ್ದದ್ದು. ಅದಕ್ಕೆ ಉತ್ತಮ ದರ್ಜೆ, ದುಡಿದದ್ದಕ್ಕೆ ಕೆಟ್ಟ ದರ್ಜೆ! ನಮ್ಮ ಶಾಸ್ತ್ರ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಇನ್ನು ಮುಂದೆ ಕೊಕ್ಕೆ ಇದ್ದದ್ದು ಪ್ರಥಮ ದರ್ಜೆ, ಲಿಂಬೆಹಣ್ಣು ಕಂಡದ್ದು ದ್ವಿತೀಯ, ಬಾಗೇವಾಡಿಯ ಮತದಂತೆ ಖರ್ಚಾಗಿ ಹೋದದ್ದು ಪರಮೋತ್ತಮ. ಮಾರುಕಟ್ಟೆ ಒಪ್ಪುವುದಿಲ್ಲ. ಶಾಸ್ತ್ರಕ್ಕೆ ಅದರ ಹಂಗಿಲ್ಲ.

ಫಲಶ್ರುತಿ

ಇದನ್ನು ಓದಿದವರಿಗೆ ಕೋಟಿ ಬರುವುದಿಲ್ಲ, ಇದ್ದದ್ದು ಹೋಗುವುದೂ ಇಲ್ಲ. "ನಿಮ್ಮ ಅಜ್ಜಿಯ ರೂಪಾಯಿಗೆ 25 ಲಕ್ಷ, ಮೊದಲು ನೋಂದಣಿ ಫೀ ಕಳಿಸಿ" ಎಂದು ಫೋನು ಬಂದಾಗ ನಾಲ್ಕು ದರ್ಶನಗಳನ್ನೂ ಬದಿಗಿಡಿ. ಹಳೆಯ ನಾಣ್ಯ, ನೋಟುಗಳ ವ್ಯಾಪಾರದಲ್ಲಿ ತಾನು ಇಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಸಾರಿದೆ. ಕರೆ ಮಾಡಿದವನಿಗೆ ಹೇಳಿ: "25 ಲಕ್ಷದಾಗ ನಿಮ್ಮ ಫೀ ಮುರಕೊಂಡು ಉಳಿದದ್ದು ಕಳಸ್ರಿ." ಖರೆ ಗಿರಾಕಿಯಾದರೆ ಲೆಕ್ಕ ಹಾಕುತ್ತಾನೆ, ಖೊಟ್ಟಿಯಾದರೆ ಫೋನ್ ಇಡುತ್ತಾನೆ. ಇಷ್ಟು ಅಗ್ಗದಲ್ಲಿ, ಇಷ್ಟು ಬೇಗ, ತಕ್ಕಡಿಯೂ ನೀರೂ ಇಲ್ಲದೆ ತೀರ್ಪು ಕೊಡುವ ಪರೀಕ್ಷೆ ನಾಣ್ಯಶಾಸ್ತ್ರದಲ್ಲಿ ಮತ್ತೊಂದಿಲ್ಲ.