ಶಿರೂರು ನ್ಯಾಯಸಹಿತ ಮೇಘಸಂಧಿ ಪ್ರಕರಣ

ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಆದಿಭಾಗದಲ್ಲಿಯೇ ಸಂಧಿಯ ವಿಚಾರವನ್ನೆತ್ತಿಕೊಂಡು, ಅಕ್ಷರಕ್ಕೆ ಅಕ್ಷರವು ತಾಗಿದಾಗ ಲೋಪವೋ ಆಗಮವೋ ಆದೇಶವೋ ಒದಗುವುದೆಂಬುದನ್ನು ನಿಷ್ಕರ್ಷಿಸಿದನಾದರೂ, ಕ್ಲೌಡ್ ಎಂಬ ಬಾಡಿಗೆಯ ಮೇಘದಲ್ಲಿ ಬೇಲಿ ಹಾಕಿಕೊಂಡು ಬೇರೆ ಬೇರೆಯಾಗಿ ವಾಸಿಸುವ ಎರಡು ಖಾಸಗಿ ಜಾಲಗಳು ತಮ್ಮೊಳಗೆ ಸಂಧಿಸಿದಾಗ ಏನಾಗುವುದೆಂಬ ವಿಷಯದಲ್ಲಿ ಸಂಪೂರ್ಣ ಮೌನವನ್ನು ತಾಳಿರುವನು. ಏಳು ಶತಮಾನಗಳಿಗೂ ಮಿಕ್ಕಿದ ಈ ಮೌನವನ್ನು ಯಾವ ಟೀಕಾಕಾರನೂ ಪ್ರಶ್ನಿಸದಿರಲು, ಬಾಗಲಕೋಟೆ ತಾಲೂಕಿನ ಶಿರೂರಿನಲ್ಲಿ ಕುಳಿತು, ಕರೆಂಟು ಇರುವ ವೇಳೆಯನ್ನು ನೋಡಿಕೊಂಡು, ಪ್ರಸ್ತುತ ಲೇಖಕನು ಈ ಕೊರತೆಯನ್ನು ತುಂಬಲು ಉದ್ಯುಕ್ತನಾಗಿದ್ದಾನೆ.

ಮೊದಲು ಲಕ್ಷಣವಾಕ್ಯ. ‘ಪರಸ್ಪರ ಸಮ್ಮತಿಪೂರ್ವಕವಾಗಿ, ಸಾರ್ವಜನಿಕ ಅಂತರ್ಜಾಲದ ಬೀದಿಯನ್ನು ಮೆಟ್ಟದೆ, ಎರಡು ಖಾಸಗಿ ಜಾಲಗಳ ಯಂತ್ರಗಳು ತಂತಮ್ಮ ಒಳವಿಳಾಸಗಳಿಂದಲೇ ಸಂಭಾಷಿಸುವಂತೆ ಮಾಡುವ ಏರ್ಪಾಡು ಪಿಯರಿಂಗ್.’ ಈ ವಾಕ್ಯವು ಲೇಖಕನದೇ. ಪ್ರಾಚೀನವೆಂದು ತೋರಲೆಂದು ಉದ್ಧರಣ ಚಿಹ್ನೆಗಳೊಳಗೆ ಇಡಲಾಗಿದೆ. ಕಾಲನಿರ್ಣಯದಲ್ಲಿ ಮಾತ್ರ ವಿವಾದವಿಲ್ಲ. ಅಮೆಜಾನ್ ಸಂಸ್ಥೆಯು ವಿಪಿಸಿ ಎಂಬ ಖಾಸಗಿ ಜಾಲವನ್ನು 2009ರಲ್ಲಿಯೂ, ಅವುಗಳ ಪಿಯರಿಂಗನ್ನು 2014ರ ಮಾರ್ಚಿನಲ್ಲಿಯೂ ಲೋಕಕ್ಕೆ ಕೊಟ್ಟಿತು. ಅದೇ ವರ್ಷದ ಜುಲೈಯಲ್ಲಿ ಹ್ಯಾಶಿಕಾರ್ಪ್ ಸಂಸ್ಥೆಯಿಂದ, ಇಂಥ ಜಾಲಗಳನ್ನು ಬರಹದ ಕಡತದಿಂದಲೇ ಕಟ್ಟಿಸುವ ಟೆರಾಫಾರ್ಮ್ ಹೊರಬಂದಿತು. ಅರ್ಥಾತ್ ವಿಜಯ ಸಂವತ್ಸರದ ಅಂತ್ಯಕ್ಕೆ ಸಂಧಿಯೂ ಜಯ ಸಂವತ್ಸರದಲ್ಲಿ ಅದರ ಸೂತ್ರವೂ ಉದಯಿಸಿದವೆಂಬುದು ಪಂಚಾಂಗಸಿದ್ಧವಾಗಿದ್ದು, ಇದರಿಂದ ಏನು ಸಿದ್ಧವಾಗುವುದೆಂಬುದನ್ನು ಬೇರೊಂದು ಗ್ರಂಥದಲ್ಲಿ ವಿಚಾರಿಸಲಾಗುವುದು.

ಈ ಸಂಧಿಯ ಸ್ವರೂಪವೇನೆಂಬಲ್ಲಿ ಎರಡು ಪಂಥಗಳಿವೆ: ಸಂಗಮವಾದ ಮತ್ತು ಕೊಂಡಿವಾದ. ಎರಡಕ್ಕೂ ಸದಸ್ಯರು ತಲಾ ಒಬ್ಬರೇ ಇದ್ದು, ಆ ಇಬ್ಬರೂ ಪ್ರಸ್ತುತ ಲೇಖಕನೇ ಆಗಿರುವುದರಿಂದ ವಾದವು ಮೊದಲಿನಿಂದ ಕೊನೆಯವರೆಗೂ ಸೌಜನ್ಯದಿಂದ ನಡೆಯಿತು. ಸಂಗಮವಾದಿ ಹೇಳುವುದೇನೆಂದರೆ, ಹುನಗುಂದದ ಸೀಮೆಯಲ್ಲಿ ಹುಟ್ಟಿಬೆಳೆದವನು ಕೂಡುವಿಕೆಗೆ ದೃಷ್ಟಾಂತವನ್ನರಸಿ ದೂರ ಹೋಗಬೇಕಾದುದಿಲ್ಲ. ಕೂಡಲಸಂಗಮದಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಕೂಡುವುದು ಸಾಕ್ಷಾತ್ ಪಿಯರಿಂಗೇ ಎಂದು. ಇದು ಸಲ್ಲದು. ಕಣಕುಂಬಿಯಿಂದ ಅಷ್ಟು ದೂರ ತನ್ನ ಹೆಸರನ್ನು ಹೊತ್ತುಕೊಂಡು ಬಂದ ಮಲಪ್ರಭೆಯು ಸಂಗಮದಿಂದಾಚೆಗೆ ಆ ಹೆಸರನ್ನೇ ಕಳೆದುಕೊಂಡು ಬರಿಯ ಕೃಷ್ಣೆಯಾಗಿ ಹರಿಯುವಳಾದ್ದರಿಂದ ಅದು ಶುದ್ಧಾಂಗವಾದ ಲೋಪಸಂಧಿ; ಪಿಯರಿಂಗಿನಲ್ಲಾದರೋ ಯಾವ ಜಾಲದ ಹೆಸರೂ ವಿಳಾಸವೂ ಒಡೆತನವೂ ಲೋಪವಾಗುವುದಿಲ್ಲ, ತಿಂಗಳ ಬಿಲ್ಲುಗಳೂ ಎರಡಾಗಿಯೇ ಬರುತ್ತವೆ.

ಆದಕಾರಣ ಕೊಂಡಿವಾದವೇ ಸಿದ್ಧಾಂತ. ಇಳಕಲ್ಲಿನ ಕುಣಿಮಗ್ಗದ ಮುಂದೆ ನಿಂತು ನೋಡಿದವರು ಬಲ್ಲರು: ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯ ನೂಲಿದ್ದರೂ ಸೆರಗಿಗೆ ರೇಷ್ಮೆ ಬರುವುದುಂಟು. ಎರಡನ್ನೂ ಪ್ರತ್ಯೇಕವಾಗಿ ಸಿದ್ಧಮಾಡಿ ತಂದು, ಈ ಕಡೆಯ ಎಳೆಯ ಕುಣಿಕೆಯೊಳಗೆ ಆ ಕಡೆಯ ಎಳೆಯ ಕುಣಿಕೆಯನ್ನು ಒಂದೊಂದಾಗಿ ಸಿಗಿಸಿ, ಅಷ್ಟೂ ಎಳೆಗಳಿಗೆ ಕೊಂಡಿ ಹಾಕಿ ಮುಗಿಸಿದ ಮೇಲಲ್ಲದೆ ಲಾಳಿಯು ಅತ್ತಿತ್ತ ಚಲಿಸುವುದಿಲ್ಲ. ಕೆಂಪು ಬಿಳಿ ಪಟ್ಟಿಗಳ ಆ ತೋಪು ತೆನೆಯ ಸೆರಗು ಇಳಕಲ್ಲಿನ ಗುರುತಾಗಿರುವುದು ಈ ಕೊಂಡಿಯ ಬಲದಿಂದಲೇ. ಹಾಸನ್ನು ಒಂದೊಂದು ಸೀರೆಗೂ ಹೊಸದಾಗಿಯೇ ಹೂಡಬೇಕು. ಹತ್ತು ಸೀರೆಗಳನ್ನು ಒಂದೇ ಹಾಸಿನಲ್ಲಿ ಎಳೆದುಬಿಡುತ್ತೇನೆಂಬ ಆತುರಗಾರನಿಗೆ ಇಲ್ಲಿ ಅವಕಾಶವಿಲ್ಲ. ಗಮನಿಸಬೇಕಾದ ಸೂಕ್ಷ್ಮವೆಂದರೆ, ಕೊಂಡಿಯು ಎರಡೂ ಕಡೆಯ ಕುಣಿಕೆಗಳಿಂದ ಆದದ್ದು. ಒಂದೇ ಕಡೆಯದು ಬರಿಯ ಕುಣಿಕೆ. ಪಿಯರಿಂಗಿಗೆ ಈಚಿನವನು ಕೋರಿಕೆ ಸಲ್ಲಿಸಿ, ಆಚಿನವನು ಅಂಗೀಕರಿಸಿ, ಪಟ್ಟಿಯಲ್ಲಿ ‘ಆ್ಯಕ್ಟಿವ್’ ಎಂದು ಕಾಣಿಸಿಕೊಂಡರೂ, ಎರಡೂ ಜಾಲಗಳ ರೂಟ್ ಟೇಬಲ್ಲುಗಳಲ್ಲಿ ಪರಸ್ಪರರ ವಿಳಾಸಕ್ಕೆ ದಾರಿಯನ್ನು ಬರೆಯದ ಹೊರತು ಮಾತುಕತೆ ನಡೆಯದು. ಒಂದೇ ಬದಿಯಲ್ಲಿ ಬರೆದವನ ಸಂದೇಶವು ಆಚೆಗೆ ತಲುಪಿದರೂ ಉತ್ತರಕ್ಕೆ ಮರಳುವ ಹಾದಿಯಿಲ್ಲದೆ, ಆತನು ರಾತ್ರಿಯೆಲ್ಲ ಫೈರ್‌ವಾಲನ್ನು ಬೈಯುತ್ತ ಕೂಡುತ್ತಾನೆ.

ಇನ್ನು ಈ ಪ್ರಕರಣದ ಹೃದಯಸ್ಥಾನವಾದ ಶಿರೂರು ನ್ಯಾಯ. ನಮ್ಮ ಶಿರೂರೇ ಶಿರೂರೆಂದು ನಾವು ನಂಬಿರುವಾಗ, ಬೈಂದೂರು ತಾಲೂಕಿನಲ್ಲೊಂದು, ಅಂಕೋಲಾ ತಾಲೂಕಿನಲ್ಲೊಂದು, ಪುಣೆ ಜಿಲ್ಲೆಯಲ್ಲಿ ತಾಲೂಕು ಕೇಂದ್ರವೇ ಆಗಿ ಮೆರೆಯುತ್ತಿರುವ ಇನ್ನೊಂದು, ಹೀಗೆ ಶಿರೂರುಗಳು ಅನೇಕವಾಗಿದ್ದು, ಪ್ರತಿಯೊಂದೂ ತನ್ನನ್ನೇ ಶಿರೂರೆಂದು ಬಗೆದಿದೆ. ಈ ಶಿರೂರಿನವನು ಬರಿದೇ ‘ಶಿರೂರು’ ಎಂದು ಬರೆದು ಡಬ್ಬಿಗೆ ಹಾಕಿದ ಕಾಗದವು ಊರೊಳಗೇ ಸುತ್ತಾಡಿ ಸವೆಯುವುದಲ್ಲದೆ ಸಹ್ಯಾದ್ರಿಯನ್ನು ಇಳಿಯಲಾರದು. ಅಂಚೆಯವರು 1972ರ ಆಗಸ್ಟ್ 15ರಂದು ಪಿನ್ ಕೋಡನ್ನು ತಂದು ಈ ಅನರ್ಥವನ್ನು ಪರಿಹರಿಸಿದರು; ಮೇಘಲೋಕದಲ್ಲಿ ಆ ಪರಿಹಾರವಿಲ್ಲ. 1996ರಲ್ಲಿ ಅಂತರ್ಜಾಲದ ಶಾಸ್ತ್ರಕಾರರು ಖಾಸಗಿ ಬಳಕೆಗೆಂದು ಮೂರು ವಿಳಾಸಸಮೂಹಗಳನ್ನು ಬಿಟ್ಟುಕೊಟ್ಟರು. ಹತ್ತರಿಂದ ಆರಂಭವಾಗುವ ಸಮೂಹವೊಂದರಲ್ಲಿಯೇ 1,67,77,216 ವಿಳಾಸಗಳಿವೆ. ಇಷ್ಟು ವಿಶಾಲವಾದ ಬಯಲಿದ್ದರೂ ಜಾಲ ಕಟ್ಟುವವರೆಲ್ಲರೂ ಬಂದು ಗೂಟ ನೆಡುವುದು 10.0.0.0/16 ಎಂಬ ಒಂದೇ ಮೂಲೆಯಲ್ಲಿ. ಖಾತೆ ತೆರೆದವರಿಗೆ ಅಮೆಜಾನ್ ತಾನಾಗಿಯೇ ಮಾಡಿಕೊಡುವ ಜಾಲವಂತೂ ಎಲ್ಲರಿಗೂ 172.31.0.0/16. ಇಂಥ ಏಕನಾಮಧಾರಿಗಳು ಪಿಯರಿಂಗನ್ನು ಬಯಸಿದರೆ ಕೋರಿಕೆಯೇ ವಿಫಲವೆಂದು ತಿರಸ್ಕೃತವಾಗುತ್ತದೆ. ವಿಳಾಸಗಳು ಅಂಶತಃ ಅತಿಕ್ರಮಿಸಿದರೂ ಅದೇ ಗತಿ. ಮೊದಲು ಮನೆ ಕಟ್ಟಿ ಆಮೇಲೆ ಹೆಸರಿಡುವುದು ಲೋಕರೂಢಿ. ಇಲ್ಲಿ ನೆರೆಯಾಗಲಿರುವ ಎಲ್ಲ ಊರುಗಳ ಹೆಸರನ್ನೂ ಹಾಳೆಯ ಮೇಲೆ ಬರೆದುಕೊಂಡ ತರುವಾಯವೇ ತಳಪಾಯ ತೋಡತಕ್ಕದ್ದು.

ಉಪನ್ಯಾಯವೊಂದುಂಟು. ಬಾದಾಮಿ ಎಂಬ ಜಾಲಕ್ಕೂ ಶಿರೂರಿಗೂ ಕೊಂಡಿಯಿದ್ದು, ಶಿರೂರಿಗೂ ಇಳಕಲ್ಲಿಗೂ ಇದ್ದಮಾತ್ರಕ್ಕೆ ಬಾದಾಮಿಯು ಶಿರೂರನ್ನು ಹಾದು ಇಳಕಲ್ಲನ್ನು ಮುಟ್ಟಲಾಗದು. ಪಿಯರಿಂಗಿನಲ್ಲಿ ಶಿರೂರು ಯಾರಿಗೂ ಬಸ್ ಸ್ಟ್ಯಾಂಡ್ ಅಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು, ಶಿರೂರು ಈ ಐದೂ ಒಂದನ್ನೊಂದು ಕಾಣಬೇಕಾದರೆ ಕೊಂಡಿಗಳು 10. ಊರುಗಳು 10 ಆದರೆ ಕೊಂಡಿಗಳು 45. ಈ ಗಣಿತಕ್ಕೆ ಬೇಸತ್ತವರಿಗಾಗಿ 2018ರಲ್ಲಿ ಟ್ರಾನ್ಸಿಟ್ ಗೇಟ್‌ವೇ ಎಂಬುದು ಬಂದಿದೆ. ಅದಕ್ಕೆ ತಾಸಿನ ಲೆಕ್ಕದಲ್ಲಿ ಬಾಡಿಗೆಯಿರುವುದರಿಂದ ಈ ಗ್ರಂಥದಲ್ಲಿ ಅದನ್ನು ಚರ್ಚಿಸುವುದಿಲ್ಲ.

ಕಡೆಯದಾಗಿ ಸೂತ್ರಭಾಗ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 543ರ ಶಾಸನವೊಂದಿದ್ದು, ಒಂದನೆಯ ಪುಲಕೇಶಿಯು ಆ ಬೆಟ್ಟವನ್ನು ದುರ್ಗವನ್ನಾಗಿ ಮಾಡಿದುದನ್ನು ಸಾರುತ್ತದೆ. ಅಲ್ಲಿ ಕೋಟೆ ಮೊದಲು, ಬರಹ ಆಮೇಲೆ. ಟೆರಾಫಾರ್ಮಿನ ಕಡತದಲ್ಲಿ ಈ ಕ್ರಮವು ತಲೆಕೆಳಗು: ‘ವಿಪಿಸಿ_ಐಡಿ ಇಂಥದು, ಪಿಯರ್_ವಿಪಿಸಿ_ಐಡಿ ಇಂಥದು’ ಎಂದು ಆಗಿಹೋದುದನ್ನು ಹೇಳುವ ಧಾಟಿಯಲ್ಲಿ ಇನ್ನೂ ಆಗದಿರುವುದನ್ನು ಬರೆದು, ‘ಪ್ಲಾನ್’ ಎಂಬ ಸಂಕಲ್ಪವಾಕ್ಯದಿಂದ ಏನೇನು ಏಳುವುದು, ಏನೇನು ಬೀಳುವುದು ಎಂಬುದನ್ನು ಕಂಡುಕೊಂಡು, ‘ಅಪ್ಲೈ’ ಎಂದುಚ್ಚರಿಸಿದೊಡನೆ ಕೋಟೆ ಏಳುತ್ತದೆ. ಅದೇ ಶಾಸನವನ್ನು ಮತ್ತೊಮ್ಮೆ ಪಠಿಸಿದರೆ ಎರಡನೆಯ ಕೋಟೆ ಏಳುವುದಿಲ್ಲ. ಇದ್ದದ್ದು ಇದ್ದಂತೆಯೇ ಇದೆ, ಮಾಡತಕ್ಕದ್ದೇನೂ ಇಲ್ಲವೆಂಬ ಉತ್ತರ ಬರುತ್ತದೆ. ಪುಲಕೇಶಿಗೆ ಈ ಅನುಕೂಲವಿದ್ದಿದ್ದರೆ ಕಲ್ಲುಕುಟಿಗರ ಗತಿಯೇನಾಗುತ್ತಿತ್ತೆಂಬುದು ಇತಿಹಾಸಕಾರರಿಗೆ ಬಿಟ್ಟ ವಿಷಯ.

‘ಆಟೋ_ಆಕ್ಸೆಪ್ಟ್’ ಎಂಬ ಪದದ ಮೇಲೆ ಮಾತ್ರ ಒಂದು ವಾರ್ತಿಕ ಅವಶ್ಯ. ಎರಡೂ ಜಾಲಗಳು ಒಂದೇ ಖಾತೆಯಲ್ಲಿ, ಒಂದೇ ಪ್ರದೇಶದಲ್ಲಿದ್ದರೆ ಮಾತ್ರ ಕೋರಿದವನೇ ಅಂಗೀಕರಿಸಿಕೊಳ್ಳಬಹುದು. ಜಾಲಗಳು ಪರಸ್ಪರ ಅನ್ಯರವಾಗಿದ್ದರೆ ಆಚಿನವನು ತನ್ನ ಕೈಯಿಂದಾಗಲಿ ತನ್ನದೇ ಕಡತದಿಂದಾಗಲಿ ಒಪ್ಪಬೇಕು, ಅದೂ 7 ದಿನಗಳೊಳಗೆ. ತಪ್ಪಿದರೆ ಕೋರಿಕೆ ಕಾಲವಾಗುತ್ತದೆ. ಕಟ್ಟಲು ಹೀಗೆ ಇಬ್ಬರು ಬೇಕಾದರೂ ಕಡಿಯಲು ಒಬ್ಬನೇ ಸಾಕೆಂಬುದು ಈ ಶಾಸ್ತ್ರದ ವಿಚಿತ್ರ. ಆಚಿನವನು ಒಂದು ಮಧ್ಯಾಹ್ನ ಪಿಯರಿಂಗನ್ನು ಅಳಿಸಿಬಿಟ್ಟರೂ ಈಚಿನ ರೂಟ್ ಟೇಬಲ್ಲಿನ ದಾರಿಯು ‘ಬ್ಲ್ಯಾಕ್‌ಹೋಲ್’ ಎಂಬ ಹಣೆಪಟ್ಟಿ ಹೊತ್ತು ಹಾಗೆಯೇ ಉಳಿದಿರುತ್ತದೆ. ಕಡತಕ್ಕಾದರೋ ಜಗಳದ ವಾರ್ತೆಯೇ ತಿಳಿಯದು. ಮುಂದಿನ ‘ಅಪ್ಲೈ’ಯಲ್ಲಿ ಅದು, ಬರೆದಿರುವುದು ಇಲ್ಲಿ ಇಲ್ಲವಲ್ಲ ಎಂದು ಕಂಡುಕೊಂಡು, ಆಚಿನವನಿಗೆ ಹೊಸ ಕೋರಿಕೆಯೊಂದನ್ನು ಕಳಿಸಿ, ಮತ್ತೆ 7 ದಿನ ಕಾಯಲು ಕುಳಿತುಕೊಳ್ಳುತ್ತದೆ.